ಉತ್ತರ ದಿಕ್ಕಿನ ಜೋಡಿ: ಮೈಸೂರಿನ ಹಿತ್ತಲಿಂದ ಎಂ81, ಎಂ82

(ಮೈಸೂರಿನಲ್ಲಿ ಆಕಾಶ ವೀಕ್ಷಣೆಯ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಒಂದೆರಡು ಕಡೆ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎಂ81 ಮತ್ತು ಎಂ82 ಎಂಬ ಎರಡು ಗೆಲಾಕ್ಸಿಗಳ ಫೋಟೊ ತೆಗೆಯುವುದು ಹೇಗೆ ಅಂತ ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ. ನಿಮ್ಮಲ್ಲಿ ಹಲವರು ನೋಡಿಯೇ ಬಂದಿರುತ್ತೀರಿ. ಅವುಗಳಲ್ಲಿ ಬಹುಪಾಲು ಯುರೋಪಿನವು, ಅಮೆರಿಕದವು. ಲಂಡನ್ನಿನಲ್ಲಿ ಕೂತವರಿಗೆ ಈ ಜೋಡಿ 72 ಡಿಗ್ರಿ ಮೇಲೇರುತ್ತದೆ, ಅಂದರೆ ಹೆಚ್ಚುಕಡಿಮೆ ನೆತ್ತಿಗೆ ಬರುತ್ತದೆ. ಅಲ್ಲಿ ಅದು ಮುಳುಗುವುದೇ ಇಲ್ಲ, ವರ್ಷವಿಡೀ ಧ್ರುವನ ಸುತ್ತ ತಿರುಗಿಕೊಂಡಿರುತ್ತದೆ. ಮೈಸೂರಿನ ಅಕ್ಷಾಂಶ 12.3 ಡಿಗ್ರಿ, ಈ ಗೆಲಾಕ್ಸಿಗಳಿರುವುದು ಆಕಾಶದ ಉತ್ತರ ಅಕ್ಷಾಂಶ 69ರಲ್ಲಿ. 69ರಲ್ಲಿ 12.3 ಕಳೆದರೆ ನೆತ್ತಿಯಿಂದ ಸುಮಾರು 57 ಡಿಗ್ರಿ ಕೆಳಗೆ, ಅದನ್ನು 90ರಲ್ಲಿ ಕಳೆದು ನೋಡಿ: ನಮ್ಮಲ್ಲಿ ಇದು ಅತಿ ಎತ್ತರಕ್ಕೆ ಏರಿದಾಗಲೂ ಉತ್ತರ ದಿಗಂತದಿಂದ 33 ಡಿಗ್ರಿ ಅಷ್ಟೆ. ಹಾಗಾಗಿ ಅವರ ಪಾಠ ನಮಗೆ ಅರ್ಧ ಹೊಂದುತ್ತದೆ, ಅರ್ಧ ಹೊಂದುವುದಿಲ್ಲ. ಹೊಂದದ ಅರ್ಧದ ಬಗ್ಗೆಯೇ ಇವತ್ತು ಹೆಚ್ಚು ಮಾತಾಡುತ್ತೇನೆ.

ಮೊದಲು ಎಲ್ಲಿದೆ ಅಂತ ನೋಡೋಣ. ಸಪ್ತರ್ಷಿ ಮಂಡಲ ನಿಮಗೆಲ್ಲ ಗೊತ್ತು. ಮದುವೆಯಲ್ಲಿ ಪುರೋಹಿತರು ಅರುಂಧತಿ ತೋರಿಸುವಾಗ ಕೈ ಮಾಡುವುದು ಅಲ್ಲಿಗೇ. (ಮಟಮಟ ಮಧ್ಯಾಹ್ನ ಛತ್ರದ ಚಾವಣಿ ಕಡೆ ಕೈ ಮಾಡಿ ತೋರಿಸಿದರೂ ಕಾಣಿಸಿತು ಅಂತ ತಲೆಯಾಡಿಸಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ.) ಆ ಏಳರಲ್ಲಿ ನಾಲ್ಕು ಸೇರಿ ಒಂದು ಚೌಕ. ಚೌಕದ ಒಂದು ಮೂಲೆಯಲ್ಲಿ ಪುಲಸ್ತ್ಯ, ಅದಕ್ಕೆ ಎದುರು ಮೂಲೆಯಲ್ಲಿ ಕ್ರತು. ಪುಲಸ್ತ್ಯನಿಂದ ಕ್ರತುವಿಗೆ ಗೆರೆ ಎಳೆದು, ಅದೇ ದಿಕ್ಕಿನಲ್ಲಿ ಅಷ್ಟೇ ದೂರ ಮುಂದಕ್ಕೆ ಹೋಗಿ. ಸುಮಾರು ಹತ್ತು ಡಿಗ್ರಿ. ಅಲ್ಲಿದೆ ಜೋಡಿ. ಎರಡರ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಚೂರು ಹೆಚ್ಚು. ಊರಾಚೆ ಕತ್ತಲಿರುವ ಕಡೆ ಬೈನಾಕ್ಯುಲರ್ ಹಿಡಿದರೆ ಎರಡು ಮಸುಕು ಕಲೆ ಕಾಣುತ್ತವೆ. ನಮ್ಮ ಬಡಾವಣೆಗಳಿಂದ ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಇವನ್ನು ಮೊದಲು ಗುರುತಿಸಿದವನು ಬರ್ಲಿನ್ನಿನ ಯೋಹಾನ್ ಎಲರ್ಟ್ ಬೋಡ, 1774ರ ಡಿಸೆಂಬರ್ 31ರ ರಾತ್ರಿ. ಹೊಸ ವರ್ಷದ ಹಿಂದಿನ ದಿನ ಆತ ಏನು ಮಾಡುತ್ತಿದ್ದ ನೋಡಿ. ಕೆಲವು ವರ್ಷಗಳ ಮೇಲೆ ಫ್ರಾನ್ಸಿನ ಮೆಶೆನ್ ಮತ್ತೆ ಕಂಡು, 1781ರಲ್ಲಿ ಮೆಸಿಯೆ ಆಕಾಶದ ಮಸುಕು ಕಲೆಗಳ ತನ್ನ ಪಟ್ಟಿಗೆ 81, 82 ಅಂತ ಸೇರಿಸಿಕೊಂಡ. ಎಂ ಅಂದರೆ ಮೆಸಿಯೆ. ದೂರ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜ್ಯೋತಿರ್ವರ್ಷ. ಅವೆರಡರ ನಡುವಿನ ದೂರ, ನಮಗೆ ಕಾಣುವ ಕೋನದಿಂದ ಲೆಕ್ಕ ಹಾಕಿದರೆ, ಒಂದು ಲಕ್ಷ ಮೂವತ್ತು ಸಾವಿರ ಜ್ಯೋತಿರ್ವರ್ಷದ ಆಸುಪಾಸು. ನಮಗೂ ಆಂಡ್ರೊಮಿಡಾ ಗೆಲಾಕ್ಸಿಗೂ ನಡುವೆ ಇಪ್ಪತ್ತೈದು ಲಕ್ಷ ಇದೆ. ಆ ಲೆಕ್ಕದಲ್ಲಿ ಇವೆರಡಕ್ಕೂ ಒಂದೇ ಕಾಂಪೌಂಡ್ ಗೋಡೆ.

ನೆರೆಹೊರೆ ಇಷ್ಟು ಹತ್ತಿರ ಆದರೆ ಏನಾಗಬೇಕೋ ಅದು ಆಗಿದೆ. ಕೆಲವು ನೂರು ದಶಲಕ್ಷ ವರ್ಷಗಳ ಹಿಂದೆ ಇವು ಒಂದರ ಪಕ್ಕ ಒಂದು ಹಾದುಹೋದವು. ದೊಡ್ಡದಾದ ಎಂ81 ಅಷ್ಟಾಗಿ ಕದಡಲಿಲ್ಲ, ಸುರುಳಿ ಬಾಹುಗಳು ಇವತ್ತಿಗೂ ಅಚ್ಚುಕಟ್ಟಾಗಿವೆ. ಚಿಕ್ಕದಾದ ಎಂ82ರ ಅನಿಲವೆಲ್ಲ ಕದಡಿ ನಡುಭಾಗಕ್ಕೆ ಕುಸಿದು, ಅಲ್ಲಿ ವಿಪರೀತ ವೇಗದಲ್ಲಿ ಹೊಸ ನಕ್ಷತ್ರಗಳು ಹುಟ್ಟತೊಡಗಿದವು. ದೊಡ್ಡ ನಕ್ಷತ್ರಗಳು ಬೇಗ ಸಾಯುತ್ತವೆ, ಸಾಯುವಾಗ ಸಿಡಿಯುತ್ತವೆ. ಆ ಸಿಡಿತಗಳು ಒಟ್ಟುಗೂಡಿ ಗೆಲಾಕ್ಸಿಯ ತಟ್ಟೆಗೆ ಲಂಬವಾಗಿ ಎರಡೂ ಕಡೆ ಅನಿಲವನ್ನು ಹೊರಕ್ಕೆ ಊದುತ್ತಿವೆ. 1963ರಲ್ಲಿ ಲಿಂಡ್ಸ್ ಮತ್ತು ಸ್ಯಾಂಡೇಜ್ ಈ ಕೆಂಪು ಎಳೆಗಳ ಚಿತ್ರ ತೆಗೆದಾಗ, ಗೆಲಾಕ್ಸಿಯ ನಡುವೆ ಒಂದೇ ಮಹಾಸ್ಫೋಟ ಆಗಿರಬೇಕು ಅಂದುಕೊಂಡರು. ನಕ್ಷತ್ರಗಳ ಸಾಲುಸಾಲು ಸಾವುಗಳೇ ಕಾರಣ ಎಂಬುದು ಆಮೇಲೆ ತಿಳಿಯಿತು. ರೇಡಿಯೊ ದೂರದರ್ಶಕದಲ್ಲಿ ನೋಡಿದರೆ ಎರಡರ ನಡುವೆ ಹೈಡ್ರೋಜನ್ ಸೇತುವೆಯೇ ಇದೆ. ಪಕ್ಕದಲ್ಲಿರುವ ಎನ್‌ಜಿಸಿ 3077 ಎಂಬ ಪುಟ್ಟ ಗೆಲಾಕ್ಸಿಯೂ ಅದೇ ಅನಿಲದಲ್ಲಿ ಸಿಕ್ಕಿಕೊಂಡಿದೆ. ಈ ಸೇತುವೆ ನಮ್ಮ ಕ್ಯಾಮೆರಾಗಳಿಗೆ ಬೀಳುವುದಿಲ್ಲ. ಕೆಂಪು ಎಳೆಗಳು ಬೀಳುತ್ತವೆ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಕಾರಣಕ್ಕೂ ಈ ಜೋಡಿ ನನಗಿಷ್ಟ. 2014ರ ಜನವರಿ 21ರಂದು ಲಂಡನ್ನಿನ ಹೊರವಲಯದ ಮಿಲ್ ಹಿಲ್‌ನಲ್ಲಿರುವ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಸ್ಟೀವ್ ಫಾಸ್ಸಿ ಎಂಬ ಮೇಷ್ಟ್ರು ನಾಲ್ವರು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಮೋಡ ಕವಿಯುತ್ತಿತ್ತು. ಅಂದುಕೊಂಡ ಪಾಠ ಬಿಟ್ಟು, ಕ್ಯಾಮೆರಾ ಬಳಸುವುದನ್ನಾದರೂ ತೋರಿಸೋಣ ಅಂತ 35 ಸೆಂಟಿಮೀಟರಿನ ದೂರದರ್ಶಕವನ್ನು ಎಂ82ರ ಕಡೆ ತಿರುಗಿಸಿದರು. ಅಲ್ಲಿ ಇರಬಾರದ ಕಡೆ ಒಂದು ನಕ್ಷತ್ರ. ಅದೇ ಎಸ್‌ಎನ್ 2014ಜೆ, ಕೆಲವು ದಶಕಗಳಲ್ಲೇ ನಮಗೆ ಅತಿ ಹತ್ತಿರ ಕಂಡ ಟೈಪ್ 1ಎ ಬಗೆಯ ಸೂಪರ್‌ನೋವಾ, ಅಂದರೆ ಸಿಡಿದು ಸಾಯುವ ನಕ್ಷತ್ರ. ಕಂಡುಹಿಡಿದದ್ದು ನಗರದ ಬೆಳಕಿನೊಳಗಿಂದ ಎಂಬುದನ್ನು ಗಮನಿಸಿ. ಲಡಾಖ್‌ನ ಹ್ಯಾನ್ಲೆಯಲ್ಲಿರುವ ನಮ್ಮ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಅದನ್ನು ತಿಂಗಳುಗಟ್ಟಲೆ ಹಿಂಬಾಲಿಸಿತು. ಆ ಟೆಲಿಸ್ಕೋಪನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಎಂ81ರಲ್ಲಿ 1993ರ ಮಾರ್ಚ್‌ನಲ್ಲಿ ಕಂಡ ಸೂಪರ್‌ನೋವಾವನ್ನು ಮೊದಲು ನೋಡಿದವರಂತೂ ಸ್ಪೇನ್ ದೇಶದ ಒಬ್ಬ ಹವ್ಯಾಸಿ. ನೀವು ಪ್ರತಿ ವರ್ಷ ಒಂದೇ ಜೋಡಿಯ ಚಿತ್ರ ತೆಗೆಯುತ್ತಿದ್ದರೆ ಮನೆಯವರು ಯಾಕೆ ಅಂತ ಕೇಳುತ್ತಾರೆ. ಇದು ಹೇಳಬಹುದಾದ ಉತ್ತರ.

ಸರಿ, ಯಾವಾಗ? ಶಿವರಾತ್ರಿಯಿಂದ ಯುಗಾದಿಯವರೆಗೆ. ಬಾಯಿಮಾತಿಗೆ ಹೇಳುತ್ತಿಲ್ಲ, ಲೆಕ್ಕ ಸರಿಯಾಗಿ ಕೂರುತ್ತದೆ. ಶಿವರಾತ್ರಿ ಬಹುಳ ಚತುರ್ದಶಿ, ಚಂದ್ರ ಹುಟ್ಟುವುದು ಬೆಳಗಿನ ಜಾವ. ಆ ಹೊತ್ತಿಗೆ ಈ ಜೋಡಿ ನೇರ ಉತ್ತರಕ್ಕೆ ಬರುವುದು ನಡುರಾತ್ರಿಯ ಆಸುಪಾಸು. ಹೇಗೂ ಜಾಗರಣೆ, ಎಚ್ಚರ ಇರುವುದಕ್ಕೆ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಯುಗಾದಿಯ ಹಿಂದಿನ ದಿನ ಮತ್ತೆ ಅಮಾವಾಸ್ಯೆ, ಆಗ ಒಂಬತ್ತು–ಹತ್ತು ಗಂಟೆಗೇ ಮೇಲೆ ಬಂದಿರುತ್ತದೆ. ಈ ಎರಡು ಅಮಾವಾಸ್ಯೆಗಳ ಆಚೀಚೆ ವಾರವೇ ನಮ್ಮ ಸುಗ್ಗಿ. ಅಶ್ವಿನಿ ಮಳೆ ಶುರುವಾದ ಮೇಲೆ ಸಂಜೆ ಮೋಡ, ಗುಡುಗು, ನೆಚ್ಚಿಕೊಳ್ಳುವ ಹಾಗಿಲ್ಲ. ದಸರಾ ದೀಪಾಲಂಕಾರ ಇದ್ದರೆ ಹೇಗೆ ಸಾರ್ ಅಂತ ಹಿಂದೆ ಒಬ್ಬರು ಕೇಳಿದ್ದರು. ದಸರಾ ಸಂಜೆಗಳಲ್ಲಿ ಈ ಜೋಡಿ ದಿಗಂತದ ಕೆಳಗಿರುತ್ತದೆ, ಹಾಗಾಗಿ ಧಾರಾಳವಾಗಿ ದೀಪ ನೋಡಲು ಹೋಗಿ.

ಮೂವತ್ತಮೂರು ಡಿಗ್ರಿ ಅಂದ ತಕ್ಷಣ ಬೇಜಾರಾಗುವುದು ಸಹಜ. ಆದರೆ ಒಂದು ಅನುಕೂಲವೂ ಇದೆ. ಧ್ರುವನಿಗೆ ಹತ್ತಿರ ಇರುವ ವಸ್ತುಗಳು ನಿಧಾನವಾಗಿ ಸಾಗುತ್ತವೆ. ಈ ಜೋಡಿ ಮೈಸೂರಿನಲ್ಲಿ 25 ಡಿಗ್ರಿಗಿಂತ ಮೇಲೆ ಆರೂವರೆ ಗಂಟೆಗೂ ಹೆಚ್ಚು ಹೊತ್ತು ಇರುತ್ತದೆ. ಎತ್ತರಕ್ಕೆ ಏರುವುದಿಲ್ಲ, ಬೇಗ ಇಳಿಯುವುದೂ ಇಲ್ಲ. ಒಂದೇ ರಾತ್ರಿಯಲ್ಲಿ ನಾಲ್ಕೈದು ಗಂಟೆ ಬೆಳಕು ಕೂಡಿಸಿಕೊಳ್ಳಬಹುದು.

ಜಾಗದ ಮಾತು. ಉತ್ತರ ಪೂರ್ತಿ ತೆರೆದಿರಬೇಕು. ಇಲ್ಲಿ ವಾಸ್ತು ನಮ್ಮ ಕೈಹಿಡಿಯುತ್ತದೆ, ನಗಬೇಡಿ. ಓವರ್‌ಹೆಡ್ ಟ್ಯಾಂಕನ್ನು ನೈಋತ್ಯಕ್ಕೆ ಕೂರಿಸಿ ಉತ್ತರ, ಈಶಾನ್ಯ ತಗ್ಗಾಗಿ ಬಿಡುತ್ತಾರಲ್ಲ, ವಾಸ್ತುವಿನಿಂದ ನನಗಾದ ಒಂದೇ ಲಾಭ ಅದು. ಆದರೆ ಪಕ್ಕದ ಸೈಟಿನ ತೆಂಗಿನ ಮರಕ್ಕೆ ವಾಸ್ತು ಗೊತ್ತಿಲ್ಲ. ಹಿತ್ತಲಲ್ಲಿ ಅಡ್ಡ ಬಂದರೆ ತಾರಸಿ ಹತ್ತಿ. ತಾರಸಿಯಲ್ಲಿ ಒಂದೇ ತೊಂದರೆ: ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ, ನಕ್ಷತ್ರಗಳು ನಡುಗುತ್ತವೆ. ಸಂಜೆ ನಾಲ್ಕು ಬಕೆಟ್ ನೀರು ಹೊಯ್ಯಿರಿ.

ಊರಿನ ಯಾವ ಕಡೆ ಇದ್ದೀರಿ ಎಂಬುದೂ ಮುಖ್ಯ. ನಾನಿರುವುದು ಶ್ರೀರಾಂಪುರದ ಕಡೆ, ಅಂದರೆ ದಕ್ಷಿಣ. ಉತ್ತರಕ್ಕೆ ನೋಡಿದರೆ ಇಡೀ ಮೈಸೂರಿನ ಬೆಳಕಿನ ಮೇಲೆ ಹಾಯಿಸಿ ನೋಡಬೇಕು. ಭಾನುವಾರದ ಅರಮನೆ ದೀಪಗಳ ಮೇಲೆ ಕೆಲವರಿಗೆ ಸಿಟ್ಟು. ಸುಮಾರು ಒಂದು ಲಕ್ಷ ಬಲ್ಬು ಇರಬಹುದು, ಆದರೆ ಅವು ಏಳು ಗಂಟೆಗೆ ಹತ್ತಿ ಸ್ವಲ್ಪ ಹೊತ್ತಿಗೆ ಆರುತ್ತವೆ. ರಾತ್ರಿಯಿಡೀ ಉರಿಯುವ ಬೀದಿದೀಪ, ಹೈಮಾಸ್ಟ್, ಅಂಗಡಿ ಬೋರ್ಡು, ಮೇಲಕ್ಕೆ ಮುಖ ಮಾಡಿದ ಫ್ಲಡ್‌ಲೈಟುಗಳೇ ನಮ್ಮ ಶತ್ರುಗಳು. ಮಂಡ್ಯ, ಪಾಂಡವಪುರದ ಕಡೆ ನೆಂಟರಿದ್ದರೆ ಒಂದು ರಾತ್ರಿ ಅಲ್ಲಿ ಹೋಗಿ ತೆಗೆಯಿರಿ, ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಆಲೆಮನೆ ಹೊಗೆಯ ಗಾಳಿ ಬೀಸುವ ಕಡೆ ಮಾತ್ರ ನಿಲ್ಲಬೇಡಿ.

ಈ ಬೆಳಕು ಎಷ್ಟು ಕಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ, ಇವತ್ತಿನ ಮಾತಿನಲ್ಲಿ ಇದೊಂದು ನೆನಪಿದ್ದರೆ ಸಾಕು. ಒಳ್ಳೆಯ ಕತ್ತಲಿನ ಆಕಾಶದ ಹೊಳಪು ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) 22 ಮ್ಯಾಗ್ನಿಟ್ಯೂಡ್. ಮ್ಯಾಗ್ನಿಟ್ಯೂಡ್ ಹೊಳಪಿನ ಅಳತೆ. ಬಡಾವಣೆಯ ಆಕಾಶ 19 ಎಂದಿಟ್ಟುಕೊಳ್ಳಿ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಮೂರು ಮ್ಯಾಗ್ನಿಟ್ಯೂಡ್ ಅಂದರೆ 16 ಪಟ್ಟು. ಎಂ81ರ ಸುರುಳಿ ಬಾಹುಗಳ ಒಂದು ಮಸುಕು ಭಾಗ 22.5 ಇದೆ ಅನ್ನಿ. ಆಗ ಆ ಜಾಗದಲ್ಲಿ ನಿಮ್ಮ ಕ್ಯಾಮೆರಾಕ್ಕೆ ಬಿದ್ದ ನೂರು ಪಾಲು ಬೆಳಕಿನಲ್ಲಿ ತೊಂಬತ್ತಾರು ಪಾಲು ಮೈಸೂರಿನದು, ನಾಲ್ಕು ಪಾಲು ಗೆಲಾಕ್ಸಿಯದು. ತುಪ್ಪವನ್ನು ಪಾತ್ರೆ ಸಮೇತ ತೂಗಿ ಪಾತ್ರೆಯ ತೂಕ ಕಳೆಯುತ್ತೀವಲ್ಲ, ಹಾಗೆ ಊರಿನ ಬೆಳಕನ್ನು ಕಳೆಯಬೇಕು. ಪಾತ್ರೆ ಹತ್ತು ಕೆಜಿ, ತುಪ್ಪ ಅರ್ಧ ಕೆಜಿಗೂ ಕಡಿಮೆ. ಪಾತ್ರೆಯ ತೂಕದಲ್ಲಿ ಕಾಲು ಕೆಜಿ ಆಚೀಚೆ ಆದರೂ ತುಪ್ಪದ ಲೆಕ್ಕ ಹೋಯಿತು.

ಬೆಳಕು ಕಣಕಣವಾಗಿ ಬೀಳುವುದರಿಂದ ಅದರಲ್ಲಿ ಏರಿಳಿತ ಇದ್ದೇ ಇರುತ್ತದೆ, ಅದನ್ನೇ ನಾಯ್ಸ್ ಅನ್ನುವುದು. ನೂರು ಫೋಟೊ ಸರಾಸರಿ ಮಾಡಿದರೆ ಅದು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಕತ್ತಲಿನ ಊರಿನಲ್ಲಿ ಒಂದು ಗಂಟೆಯಲ್ಲಿ ಬರುವ ಚಿತ್ರಕ್ಕೆ ಬಡಾವಣೆಯಲ್ಲಿ 16 ಗಂಟೆ ಬೇಕು. ದುಡ್ಡು ಕೊಟ್ಟು ದೊಡ್ಡ ಲೆನ್ಸ್ ತಂದರೂ ಈ 16ರ ಅನುಪಾತ ಬದಲಾಗುವುದಿಲ್ಲ, ಏಕೆಂದರೆ ಲೆನ್ಸ್ ಗೆಲಾಕ್ಸಿಯ ಜೊತೆಗೆ ಊರಿನ ಬೆಳಕನ್ನೂ ಅಷ್ಟೇ ಹೆಚ್ಚಿಗೆ ತರುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಫಿಲ್ಟರ್ ಹಾಕಿದರೆ? ಹಿಂದೆ ಬೀದಿಯಲ್ಲಿ ಹಳದಿ ಸೋಡಿಯಂ ದೀಪಗಳಿದ್ದಾಗ ಅದು ಬಲು ಉಪಯುಕ್ತ. ಸೋಡಿಯಂ ಬೆಳಕಿನ ಬಹುಪಾಲು 589 ನ್ಯಾನೊಮೀಟರಿನ ಸುತ್ತಮುತ್ತ, ಅಷ್ಟನ್ನು ಕತ್ತರಿಸಿದರೆ ಆಯಿತು. 2015ರಿಂದ ದೇಶದೆಲ್ಲೆಡೆ ಬೀದಿಗಳಿಗೆ ಎಲ್‌ಇಡಿ ಬಂತು. ಅದರ ಬೆಳಕು ನೀಲಿಯಿಂದ ಕೆಂಪಿನವರೆಗೆ ಹರಡಿಕೊಂಡಿದೆ, ಗೆಲಾಕ್ಸಿಯ ಬೆಳಕೂ ಹಾಗೇ ಹರಡಿಕೊಂಡಿದೆ. ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಎಂ82ರ ಕೆಂಪು ಎಳೆಗಳು ಮಾತ್ರ ಇದಕ್ಕೆ ಹೊರತು. ಅವು ಹೈಡ್ರೋಜನ್ನಿನ 656.3 ನ್ಯಾನೊಮೀಟರಿನ ಒಂದೇ ಬಣ್ಣದಲ್ಲಿ ಹೊಳೆಯುತ್ತವೆ. ಎಂ82 ಸೆಕೆಂಡಿಗೆ ಸುಮಾರು 200 ಕಿಲೋಮೀಟರಿನಂತೆ ದೂರ ಸರಿಯುತ್ತಿರುವುದರಿಂದ ಆ ಬಣ್ಣ ಅರ್ಧ ನ್ಯಾನೊಮೀಟರಿನಷ್ಟು ಜರುಗಿರುತ್ತದೆ, ಆ ಬಣ್ಣದ ಸುತ್ತ ಏಳು ನ್ಯಾನೊಮೀಟರಿನಷ್ಟನ್ನು ಮಾತ್ರ ಒಳಬಿಡುವ ಫಿಲ್ಟರಿಗೆ ಅದು ಲೆಕ್ಕಕ್ಕಿಲ್ಲ. ಹೈಡ್ರೋಜನ್-ಆಲ್ಫಾ ಎಂಬ ಆ ಫಿಲ್ಟರಿನಲ್ಲಿ ಬೇರೆಯಾಗಿ ಎರಡು ಮೂರು ಗಂಟೆ ತೆಗೆದು ಆಮೇಲೆ ಸೇರಿಸಿ. ಶ್ರೀರಾಂಪುರದ ಆಕಾಶದಲ್ಲೂ ಆ ಎಳೆಗಳು ಎದ್ದು ಬರುತ್ತವೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ನೋಡಬೇಕಾದ್ದು ಅದೇ.

ಈಗ ಮೌಂಟ್. ಭೂಮಿಯ ಅಕ್ಷಕ್ಕೆ ಸಮನಾಗಿ ನಿಲ್ಲಿಸಿ ನಕ್ಷತ್ರಗಳನ್ನು ಹಿಂಬಾಲಿಸುವ ಸ್ಟ್ಯಾಂಡ್. ಉತ್ತರದ ದೇಶಗಳಿಗಾಗಿ ಮಾಡಿದ ಮೌಂಟುಗಳನ್ನು ನಮ್ಮ 12 ಡಿಗ್ರಿಗೆ ಬಗ್ಗಿಸಿದರೆ ಕೆಲವದರಲ್ಲಿ ತಿರುಪು ಅಲ್ಲಿಗೆ ಮುಟ್ಟುವುದೇ ಇಲ್ಲ, ಕೆಲವದರಲ್ಲಿ ಕೌಂಟರ್‌ವೇಟ್ ಸರಳು ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಕೊಳ್ಳುವ ಮುಂಚೆ ಅಕ್ಷಾಂಶದ ಮಿತಿ ಕೇಳಿ. ಧ್ರುವ ನಕ್ಷತ್ರವೂ 12 ಡಿಗ್ರಿ ಎತ್ತರದಲ್ಲೇ ಇರುವುದರಿಂದ ಮುಕ್ಕಾಲು ಮನೆಗಳಲ್ಲಿ ಅದು ಎದುರು ಮನೆಯ ಹಿಂದೆ. ಆಕಾಶದ ಬೇರೆ ಕಡೆ ಮೂರು ಫೋಟೊ ತೆಗೆದು, ನಕ್ಷತ್ರಗಳ ವಿನ್ಯಾಸ ಗುರುತಿಸಿ, ಮೌಂಟ್ ಎಷ್ಟು ಓರೆಯಾಗಿದೆ ಅಂತ ಹೇಳುವ ತಂತ್ರಾಂಶಗಳಿವೆ. ನೀನಾ ಎಂಬುದರಲ್ಲಿ ಈ ಸೌಲಭ್ಯ ಸಿಗುತ್ತದೆ, ದುಡ್ಡಿಲ್ಲ. ಈ ಜೋಡಿ ಧ್ರುವನ ಹತ್ತಿರ ಇರುವುದರಿಂದ ಮೋಟಾರಿನ ಗೇರುಗಳ ಓಲಾಟ ಮೂರರಲ್ಲಿ ಒಂದು ಪಾಲು ಮಾತ್ರ ಚಿತ್ರದಲ್ಲಿ ಕಾಣುತ್ತದೆ, ಅಗ್ಗದ ಟ್ರ್ಯಾಕರ್ (ಚಿಕ್ಕ ಮೌಂಟ್) ಇದ್ದವರು ಖುಷಿಪಡಿ. ಅದೇ ಕಾರಣಕ್ಕೆ, ಅಕ್ಷ ಓರೆಯಾಗಿದ್ದರೆ ಚಿತ್ರ ತಿರುಚಿಕೊಳ್ಳುವ ದೋಷ ಇಲ್ಲಿ ಹೆಚ್ಚು. ಅಂದರೆ ಗೈಡಿಂಗಿಗಿಂತ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟಿನ ಓಟ ತಿದ್ದುವುದಕ್ಕಿಂತ) ಅಕ್ಷ ಸರಿಯಾಗಿ ಕೂರಿಸುವುದಕ್ಕೆ ಹೆಚ್ಚು ಹೊತ್ತು ಕೊಡಿ.

80 ಮಿಲಿಮೀಟರಿನ, 480 ಮಿಲಿಮೀಟರ್ ಫೋಕಲ್ ಲೆಂತ್ ಇರುವ ಟೆಲಿಸ್ಕೋಪಿನಲ್ಲಿ ಎರಡೂ ಗೆಲಾಕ್ಸಿ ಆರಾಮವಾಗಿ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಡಿಎಸ್‌ಎಲ್‌ಆರ್ ಮತ್ತು 300ರ ಲೆನ್ಸ್ ಇದ್ದರೂ ಆಕಾರ ಗುರುತಿಸಬಹುದು. ಒಂದೊಂದು ಫೋಟೊ ಒಂದು ನಿಮಿಷದಿಂದ ಎರಡು ನಿಮಿಷ. ನಮ್ಮ ಆಕಾಶದಲ್ಲಿ ಅದಕ್ಕಿಂತ ಉದ್ದ ತೆಗೆದು ಪ್ರಯೋಜನವಿಲ್ಲ, ನಕ್ಷತ್ರಗಳ ನಡು ಸುಟ್ಟು ಬಿಳಿಯಾಗುತ್ತದೆ ಅಷ್ಟೆ.

ಫ್ಲಾಟ್ ಫ್ರೇಮ್, ಅಂದರೆ ಕ್ಯಾಮೆರಾ-ಲೆನ್ಸಿನ ಕಲೆ ತೆಗೆಯಲು ಬರೀ ಸಮನಾದ ಬೆಳಕಿನ ಫೋಟೊ, ತೆಗೆಯದವರು ಕೈ ಎತ್ತಿ. (ಅರ್ಧ ಸಭೆ ಕೈ ಎತ್ತಿತು.) ಲೆನ್ಸಿನ ಅಂಚು ಕಪ್ಪಾಗುವುದು, ಸೆನ್ಸರ್ ಮೇಲಿನ ಧೂಳಿನ ಬಳೆ, ಇವೆಲ್ಲ ಸೇರಿ ಶೇಕಡಾ ಹತ್ತಿಪ್ಪತ್ತು ವ್ಯತ್ಯಾಸ ತರುತ್ತವೆ. ನಮಗೆ ಬೇಕಾದ್ದು ನಾಲ್ಕು ಪಾಲು ಅಂತ ಈಗ ತಾನೆ ಲೆಕ್ಕ ಹಾಕಿದೆವು. ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಟೆಲಿಸ್ಕೋಪಿನ ಬಾಯಿಗೆ ಸುಕ್ಕಿಲ್ಲದಂತೆ ಕಟ್ಟಿ, ಬೆಳಗಾಗುವಾಗಿನ ಆಕಾಶಕ್ಕೆ ಹಿಡಿದು ಇಪ್ಪತ್ತು ಮೂವತ್ತು ಫೋಟೊ ತೆಗೆಯಿರಿ. ಕ್ಯಾಮೆರಾ ಬಿಚ್ಚಬಾರದು, ಫೋಕಸ್ ಮುಟ್ಟಬಾರದು. ಜರಿಯಂಚು ಬಾಯಿಗೆ ಬರಬಾರದು.

ಆಮೇಲೆ ಕಂಪ್ಯೂಟರ್. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ತಂತ್ರಾಂಶಗಳು ಎರಡೂ ಉಚಿತ. ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡಿದ ಮೇಲೆ, ಕೆಳಗಡೆ ಹೆಚ್ಚು ಮೇಲ್ಗಡೆ ಕಡಿಮೆ ಇರುವ ಊರಿನ ಬೆಳಕಿನ ಇಳಿಜಾರನ್ನು ತೆಗೆಯಬೇಕು. ಗ್ರಾಕ್ಸ್‌ಪರ್ಟ್ ಎಂಬ ತಂತ್ರಾಂಶ ಅದನ್ನು ಚೆನ್ನಾಗಿ ಮಾಡುತ್ತದೆ. ಎಂ81ರ ಹೊರ ಬಾಹುಗಳ ಹತ್ತಿರ ಮಾತ್ರ ಅದರ ಕೈ ಹಿಡಿಯಿರಿ, ಇಲ್ಲದಿದ್ದರೆ ಊರಿನ ಬೆಳಕೆಂದುಕೊಂಡು ಗೆಲಾಕ್ಸಿಯನ್ನೂ ಗುಡಿಸಿಬಿಡುತ್ತದೆ. ಕೃತಕ ಬುದ್ಧಿಯಿಂದ ಚೂಪುಗೊಳಿಸುವ ಸಲಕರಣೆಗಳ ಬಗ್ಗೆ ನನಗೆ ತಕರಾರಿದೆ. ನಾಯ್ಸ್ ಇಳಿಸುವಷ್ಟಕ್ಕೆ ಸರಿ. ಆದರೆ 33 ಡಿಗ್ರಿಯ ನಡುಗುವ ಗಾಳಿಯಲ್ಲಿ, ಎಂಟು ಸೆಂಟಿಮೀಟರಿನ ಗಾಜಿನಲ್ಲಿ ಬರಲು ಸಾಧ್ಯವೇ ಇಲ್ಲದ ಧೂಳಿನ ಎಳೆಗಳು ಚಿತ್ರದಲ್ಲಿ ಮೂಡಿದ್ದರೆ, ಅವು ನಿಮ್ಮ ಹಿತ್ತಲಿಂದ ಬಂದದ್ದಲ್ಲ. ಸೂಪರ್‌ನೋವಾ ಹುಡುಕುವ ಆಸೆ ಇದ್ದವರಂತೂ ಅದನ್ನು ಹತ್ತಿರ ಸೇರಿಸಬೇಡಿ. ಹೊಸ ಚುಕ್ಕಿ ಆಕಾಶದ್ದೋ ತಂತ್ರಾಂಶದ್ದೋ ಅಂತ ಆಮೇಲೆ ಯಾರೂ ಹೇಳಲಾರರು.

ಕೊನೆಗೆ ಒಂದೆರಡು ಪ್ರಶ್ನೆಗಳು ಬಂದವು.

“ಇಷ್ಟೆಲ್ಲ ತಾಪತ್ರಯ ಬೇಡ, ಆ ಚಿಕ್ಕ ಸ್ಮಾರ್ಟ್ ಟೆಲಿಸ್ಕೋಪ್ ಬರುತ್ತಲ್ಲ, ಅದರಲ್ಲಿ ಆಗಲ್ವಾ ಸಾರ್?” ಎಂದು ಒಬ್ಬ ಹುಡುಗ ಕೇಳಿದ. ಆಗುತ್ತಪ್ಪ. ಸೀಸ್ಟಾರ್ ಎಸ್50 ಥರದ್ದು 50 ಮಿಲಿಮೀಟರ್ ಗಾಜು, ಮೊಬೈಲಿನಿಂದಲೇ ನಡೆಯುತ್ತದೆ, ಚೌಕಟ್ಟಿನ ಉದ್ದಕ್ಕೆ ಎರಡೂ ಹಿಡಿಯುತ್ತವೆ. ಆದರೆ ಅದನ್ನು ಸುಮ್ಮನೆ ನೆಟ್ಟಗೆ ನಿಲ್ಲಿಸಿದರೆ, ಉತ್ತರದ ಈ ಎತ್ತರದಲ್ಲಿ ಚಿತ್ರ ಗಂಟೆಗೆ ಸುಮಾರು 17 ಡಿಗ್ರಿ ತಿರುಗುತ್ತದೆ. ಹತ್ತು ಸೆಕೆಂಡಿನ ಒಂದು ಫೋಟೊದಲ್ಲಿ ಗೊತ್ತಾಗುವುದಿಲ್ಲ, ರಾತ್ರಿಯೆಲ್ಲ ಕೂಡಿಸಿದಾಗ ಮೂಲೆಗಳು ಹೋಗಿ ಜೋಡಿಯಲ್ಲಿ ಒಂದು ಅಂಚಿಗೆ ಬರುತ್ತದೆ. ಅಕ್ಷಕ್ಕೆ ಸರಿಯಾಗಿ ವಾಲಿಸಿ ನಿಲ್ಲಿಸು.

“ನಮ್ಮನೆಗೆ ಉತ್ತರ ಇಲ್ಲವೇ ಇಲ್ಲ, ಮೂರು ಮಹಡಿ ಕಟ್ಟಿಬಿಟ್ಟಿದ್ದಾರೆ. ನಾವೇನು ಮಾಡೋಣ?” ಎಂದರು ಮುಂದಿನ ಸಾಲಿನ ಅಮ್ಮನವರೊಬ್ಬರು. ದಕ್ಷಿಣ ಇದೆಯಲ್ಲಮ್ಮ. ಹಸ್ತಾ ನಕ್ಷತ್ರದ ನಾಲ್ಕು ಚುಕ್ಕಿಗಳ ಪಕ್ಕದಲ್ಲಿ ಆಂಟೆನಾ ಗೆಲಾಕ್ಸಿಗಳು ಅಂತ ಇನ್ನೊಂದು ಜೋಡಿ ಇದೆ, ಎನ್‌ಜಿಸಿ 4038 ಮತ್ತು 4039. ಇವು ಪಕ್ಕದಲ್ಲಿ ಹಾದುಹೋಗಿ ಸುಮ್ಮನಾಗಲಿಲ್ಲ, ಒಂದರೊಳಗೊಂದು ಬೆರೆಯುತ್ತಿವೆ. ಲಂಡನ್ನಿನವರಿಗೆ ಇವು 20 ಡಿಗ್ರಿಯನ್ನೂ ಮುಟ್ಟುವುದಿಲ್ಲ, ನಮ್ಮಲ್ಲಿ 59 ಡಿಗ್ರಿ ಏರುತ್ತವೆ. ಎಂ81 ನೇರ ಉತ್ತರ ದಾಟಿದ ಎರಡು ಗಂಟೆಗೆ ಇವು ನೇರ ದಕ್ಷಿಣಕ್ಕೆ ಬರುತ್ತವೆ. ಗಾತ್ರದಲ್ಲಿ ಬಹಳ ಚಿಕ್ಕವು, 480ರಲ್ಲಿ ಬೆರಳತುದಿಯಷ್ಟು ಕಾಣುತ್ತವೆ, ಸಾವಿರ ಮಿಲಿಮೀಟರಿನ ಆಸುಪಾಸಿನ ಟೆಲಿಸ್ಕೋಪ್ ಇದ್ದರೆ ಒಳ್ಳೆಯದು. ನಮ್ಮ ಕಡೆಯವರಿಗೆ ಆ ದಿಕ್ಕಿನಲ್ಲಿ ನಂಜನಗೂಡಿನವರೆಗೆ ಬೆಳಕೂ ಕಡಿಮೆ.